ಸೂರಿಬಾಬುವಿನ ಹೊಸ ಹೊಟ್ಟೆ

ರಗಳೆಗೆಲ್ಲ ಮೂಲ ಒಂದು ಜುಬ್ಬ.

ಸಂಕ್ರಾಂತಿಗೆ ಮನೆಗೆ ಬರುವ ಅಳಿಯನಿಗೆ ಹೊಸ ಬಟ್ಟೆ ಕೊಡುವುದು ಇದ್ದದ್ದೇ. ಮಂಗತಾಯಾರಮ್ಮನವರು ಪ್ರತಿ ವರ್ಷ ಧನುರ್ಮಾಸದಲ್ಲೇ ಊರಿನ ದರ್ಜಿಯನ್ನು ಕರೆಸಿ ಹೊಲಿಯಲು ಹೇಳಿಬಿಡುತ್ತಿದ್ದರು. ಅಳತೆ ಹಿಂದಿನ ವರ್ಷದ್ದು. ಅದರ ಮೇಲೆ, "ಹಬ್ಬದ ಊಟಕ್ಕೆ ಅಂತ ನಾಲ್ಕು ಬೆರಳು ಜಾಸ್ತಿ ಬಿಡಪ್ಪಾ" ಎಂದು ಒಂದು ಮಾತು. ಈ ಸಲವೂ ಹಾಗೆಯೇ ಗಿಳಿಹಸಿರು ಬಣ್ಣದ ರೇಷ್ಮೆ ಜುಬ್ಬ ಹೊಲಿಸಿ ಬೀರುವಿನಲ್ಲಿ ಮಡಿಸಿಟ್ಟಿದ್ದರು. ಅದರೊಳಗೆ ತುಂಬಬೇಕಾದ ಅಳಿಯ ಮಾತ್ರ ಆಗಲೇ ಅರ್ಧಕ್ಕರ್ಧ ಕರಗಿಹೋಗಿದ್ದ. ಪಾಪ, ಅದು ಆ ತಾಯಿಗೆ ಗೊತ್ತಿರಲಿಲ್ಲ.

ಅಳಿಯ ಸೂರಿಬಾಬು ವಿಶಾಖಪಟ್ಟಣದ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತ. ಕಳೆದ ಯುಗಾದಿಯವರೆಗೂ ಅವನ ಗಾತ್ರ ಎಂಥದ್ದೆಂದರೆ, ಆಟೋದವರು ಅವನೊಬ್ಬನನ್ನು ಹತ್ತಿಸಿಕೊಂಡು ಬೇರೆ ಸವಾರಿ ಕಾಯದೆ ಹೊರಟುಬಿಡುತ್ತಿದ್ದರು. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ರಾತ್ರಿ ಗೊರಕೆಯ ನಡುವೆ ಉಸಿರೇ ನಿಲ್ಲತೊಡಗಿತು. ಹೆಂಡತಿ ನಾಗಮಣಿ ನಿದ್ದೆಗೆಟ್ಟು ಅವನನ್ನು ಅಲುಗಾಡಿಸುತ್ತ ಕೂತಿರುತ್ತಿದ್ದಳು. ಕೊನೆಗೆ ಅವಳೇ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಮಿಕ್ಕಿದ್ದನ್ನು ಒಂದು ಬಾಳೆಹಣ್ಣಿನಷ್ಟು ಮಾಡಿ ಹೊಲಿದು ಕಳಿಸಿದರು. ಇನ್ನು ಮೇಲೆ ಒಂದು ಹೊತ್ತಿಗೆ ಎರಡು ಚಮಚ, ಅದೂ ನುಣ್ಣಗೆ ಅಗಿದು. ಸಿಹಿ ಮುಟ್ಟಿದರೆ ಎದೆ ಡವಡವ, ಮೈಯೆಲ್ಲ ಬೆವರು.

ಅತ್ತೆಯ ಮನೆಗೆ ಈ ಸಂಗತಿ ಹೇಳಲಿಲ್ಲ. "ಟ್ರೈನಿಂಗಿಗೆ ಹೈದರಾಬಾದಿಗೆ ಹೋಗಿದ್ದೆ" ಎಂದು ಸುಳ್ಳು ಬಿಟ್ಟಿದ್ದ. ಮಣಿ ಹೇಳೋಣ ಅಂದಾಗಲೆಲ್ಲ, "ನಿನ್ನ ಕಾಲಿಗೆ ಬೀಳ್ತೀನಿ, ಬೇಡ" ಎನ್ನುತ್ತಿದ್ದ.

ಅದಕ್ಕೂ ಕಾರಣವಿತ್ತು. ಸೂರಿಬಾಬು ತಾಯಿಯಿಲ್ಲದೆ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ಬಡಿಸುವವನು ತಟ್ಟೆ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಈ ಊರಿಗೆ ಬಂದಾಗ ಮಂಗತಾಯಾರಮ್ಮ ಎಲೆಯ ಪಕ್ಕದಲ್ಲೇ ಕೂತು, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಆ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವತ್ತು ಅವನು ಬೇಡ ಎನ್ನಲಿಲ್ಲ. ಆಮೇಲೆ ಯಾವತ್ತೂ ಎನ್ನಲಿಲ್ಲ. ಹಿರಿಯಳಿಯ ದುಬೈನಲ್ಲಿ ಇಂಜಿನಿಯರು, ಬೇಕಾದಷ್ಟು ಸಂಪಾದನೆ, ಆದರೆ ಎಲೆ ಮುಂದೆ ಕೂತನೆಂದರೆ ತನಿಖೆಗೆ ಬಂದ ಅಧಿಕಾರಿಯಂತೆ ಒಂದೊಂದನ್ನೂ ಅನುಮಾನದಿಂದ ನೋಡುತ್ತಾನೆ. ಹಾಗಾಗಿ ಅತ್ತೆಯ ಬಾಯಲ್ಲಿ ಸದಾ ಕಿರಿಯಳಿಯನದೇ ಜಪ. ಗುಮಾಸ್ತ ಸೂರಿಬಾಬುವಿಗೆ ಆ ಮನೆಯಲ್ಲಿದ್ದ ಆಸ್ತಿ ಎಂದರೆ ಅವನ ಹೊಟ್ಟೆಯೊಂದೇ. ಅದನ್ನೇ ಕೊಯ್ಸಿಕೊಂಡು ಬಂದೆ ಎಂದು ಯಾವ ಬಾಯಲ್ಲಿ ಹೇಳಬೇಕು?

ಅದಕ್ಕೇ ಅವನೊಂದು ಉಪಾಯ ಮಾಡಿದ್ದ. ಭೋಗಿಗೂ ಹೋಗದೆ, ಸಂಕ್ರಾಂತಿಗೂ ಹೋಗದೆ, ಸಂಕ್ರಾಂತಿಯ ರಾತ್ರಿ ತಲುಪುವುದು. ದಾರಿಯಲ್ಲೇ ಊಟವಾಯಿತೆಂದು ಹೇಳಿ ಮಲಗುವುದು. ಬೆಳಗಾಗುತ್ತಲೇ ಆಫೀಸಿನ ತುರ್ತು ಕೆಲಸ ಎಂದು ಬಸ್ಸು ಹತ್ತುವುದು. ಬಸ್ಸು ಗೋದಾವರಿ ದಾಟುವಾಗ ಈ ಉಪಾಯವನ್ನು ಹೆಂಡತಿಯ ಕಿವಿಯಲ್ಲಿ ಉಸುರಿದ.

ಮಣಿ ಅವನನ್ನೇ ದಿಟ್ಟಿಸಿದಳು. "ನಾಳೆ ಏನು ಹಬ್ಬ ಅಂತ ಗೊತ್ತೇನ್ರೀ?"

"ಕನುಮ."

"ಕನುಮದ ದಿನ ಯಾರಾದ್ರೂ ಪ್ರಯಾಣ ಮಾಡ್ತಾರಾ? ಹೊಸಿಲು ದಾಟೋಕೆ ಬಿಡ್ತಾಳಾ ನಮ್ಮಮ್ಮ?"

ಸೂರಿಬಾಬು ಹಣೆ ಹಣೆ ಚಚ್ಚಿಕೊಂಡ. ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ, ಅಷ್ಟು ದೊಡ್ಡ ಉಪಾಯ ಮಾಡುವ ಭರದಲ್ಲಿ ಮರೆತೇಹೋಗಿತ್ತು. ಎಲ್ಲ ಬಿಟ್ಟು ಕೋಳಿ, ಸಿಗಡಿ, ಗಾರೆ ಎಂಬ ಉದ್ದಿನ ವಡೆಗಳ ಹಬ್ಬದ ಹಿಂದಿನ ರಾತ್ರಿ, ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ, ತಾನಾಗಿಯೇ ಬಲೆಗೆ ಬಿದ್ದಿದ್ದ.

ರಾತ್ರಿ ಶಾಲು, ಮಫ್ಲರು ಸುತ್ತಿಕೊಂಡು ಹೇಗೋ ಪಾರಾದ. ಬೆಳಗ್ಗೆ ಹಲ್ಲುಜ್ಜಲು ಅಂಗಳಕ್ಕೆ ಬಂದಾಗ ಮಂಗತಾಯಾರಮ್ಮ ರಂಗೋಲಿ ಹಾಕುತ್ತಿದ್ದರು. ತಲೆಯೆತ್ತಿ ನೋಡಿದರು. ಕೈಯಲ್ಲಿದ್ದ ಹಿಟ್ಟು ಹಾಗೇ ಸುರಿದುಹೋಯಿತು.

"ಮಣೀ! ಯಾರೇ ಇವರು? ನಿನ್ನ ಗಂಡ ಎಲ್ಲಿ?"

"ಅವರೇ ಅಮ್ಮಾ."

"ಇವರಾ? ಅಯ್ಯೋ ನನ್ನ ತಾಯೀ! ಯಾರೋ ಹಿಂಡಿ ಹಗ್ಗದ ಮೇಲೆ ಒಣಗಾಕಿದಾರಲ್ಲೇ ಇವರನ್ನ! ಏನೇ ಮಾಡ್ದೆ ನೀನು? ಅನ್ನ ಹಾಕಲ್ವೇನೇ ಗಂಡಂಗೆ?"

ಸೂರಿಬಾಬು ಬಾಯಿ ತುಂಬ ನೊರೆ ಇಟ್ಟುಕೊಂಡು, "ಯೋಗಾಸನ ಅತ್ತೆ, ದಿನಾ ಬೆಳಗ್ಗೆ ಯೋಗಾಸನ" ಎಂದ.

"ಉಸಿರು ಎಳ್ಕೊಂಡ್ರೆ ಹೊಟ್ಟೆ ತುಂಬುತ್ತಾ? ಇಸ್ಕೂಲಿಗೆ ಹೋಗಿ ಊರಿನ ಮಕ್ಕಳಿಗೆಲ್ಲ ಪಾಠ ಹೇಳ್ತಾಳೆ, ಮನೇಲಿರೋ ಗಂಡಂಗೆ ಒಂದು ತುತ್ತು ಬೇಯಿಸೋಕೆ ಪುರುಸೊತ್ತಿಲ್ಲ ನನ್ನ ಮಗಳಿಗೆ!"

ಮಣಿ ಗಂಡನ ಕಡೆ ನೋಡಿದ ನೋಟಕ್ಕೆ ಅವನ ಬಾಯಲ್ಲಿದ್ದ ನೊರೆ ಒಳಗೇ ಇಳಿಯಿತು.

ತಿಂಡಿಗೆ ಗಾರೆ ಮತ್ತು ನಾಟಿಕೋಳಿ ಸಾರು. ಕನುಮದ ದಿನ ಉದ್ದು ತಿನ್ನದಿದ್ದರೆ ನಡೆಯುವುದಿಲ್ಲ. ಹಂಡೆಯಂಥ ಪಾತ್ರೆಯಲ್ಲಿ ಗಾರೆಗಳನ್ನು ತಂದು ಮುಂದಿಟ್ಟುಕೊಂಡು ಅತ್ತೆ ಎದುರಿಗೇ ಕೂತರು. ಸೂರಿಬಾಬು ಒಂದು ಚೂರು ಮುರಿದು ಬಾಯಿಗಿಟ್ಟು, ಡಾಕ್ಟರು ಹೇಳಿದ ಹಾಗೆ ಅಗಿಯತೊಡಗಿದ. ಅಗಿದ, ಅಗಿದ, ಅಗಿಯುತ್ತಲೇ ಇದ್ದ. ಮಂಗತಾಯಾರಮ್ಮನ ಮುಖ ಸಣ್ಣಗಾಗುತ್ತ ಬಂತು.

"ಗಟ್ಟಿಯಾಗಿದೆಯಾ ಅಳಿಯಂದ್ರೇ?"

"ಇಲ್ಲ ಅತ್ತೆ, ಹತ್ತಿ ಹತ್ತಿ."

"ಮತ್ತೆ ಯಾಕೆ ಚಪ್ಪಲಿ ಅಗಿಯೋ ಹಾಗೆ ಅಗೀತಿದೀರಿ? ನನಗೆ ಗೊತ್ತಾಗಲ್ವಾ? ಈ ಸಲ ಉದ್ದೇ ಸರಿಯಿಲ್ಲ. ರೀ, ಆ ಉದ್ದು ತಂದ ಅಂಗಡಿಯವನನ್ನ ಕರೀರಿ!"

ಮಾವ ಸತ್ತಿರಾಜುಗಾರು ತೆಂಗಿನಕಾಯಿ ವ್ಯಾಪಾರಿ, ಕೋಳಿ ಪಂದ್ಯಕ್ಕೆ ಹೋಗಬೇಡಿ ಎಂದು ಹೆಂಡತಿ ಕೂರಿಸಿದ್ದರಿಂದ ಮೊದಲೇ ಮುಖ ಊದಿಸಿಕೊಂಡಿದ್ದವರು. "ಅವರ ದವಡೆ, ಅವರಿಷ್ಟ. ಅಗೀಲಿ ಬಿಡೆ" ಎಂದರು. ಆದರೆ ಅತ್ತೆಯ ಕಣ್ಣಂಚಿನಲ್ಲಿ ನೀರು ಕಂಡ ಮೇಲೆ ಸೂರಿಬಾಬುವಿಗೆ ತಡೆಯಲಾಗಲಿಲ್ಲ. "ಆಹಾ, ಎಂಥ ಗಾರೆ ಅತ್ತೆ! ರುಚಿ ನೋಡ್ತಾ ನೋಡ್ತಾ ನಿಧಾನ ಮಾಡಿದೆ ಅಷ್ಟೆ" ಎಂದುಬಿಟ್ಟ. ಅಷ್ಟು ಸಾಕಾಯಿತು. ಎಲೆಯ ಮೇಲೆ ಗಾರೆಗಳ ಗೋಪುರವೇ ಎದ್ದಿತು.

ಅತ್ತೆ ಸಾರು ತರಲು ಒಳಗೆ ತಿರುಗಿದ್ದೇ ತಡ, ಸೂರಿಬಾಬು ಗೋಪುರವನ್ನು ಕೆಡವಿ ಪಂಚೆಯ ಮಡಿಲಿಗೆ ಹಾಕಿಕೊಂಡ. "ಹಸುಕರುಗಳಿಗೆ ಕುಂಕುಮ ಇಟ್ಟು ಬರ್ತೀನಿ" ಎಂದು ಕೊಟ್ಟಿಗೆಗೆ ಓಡಿದ. ಅಲ್ಲಿ ಗೌರಿ ಎಂಬ ಎಮ್ಮೆ ಮೈ ತೊಳೆಸಿಕೊಂಡು, ಕೊಂಬಿಗೆ ಅರಿಶಿನ ಬಳಿಸಿಕೊಂಡು ನಿಂತಿತ್ತು. ಮೊದಲ ಗಾರೆಯನ್ನು ಅದು ಸಂಶಯದಿಂದ ಮೂಸಿತು. ಎರಡನೆಯದನ್ನು ಗೌರವದಿಂದ ತಿಂದಿತು. ಮಡಿಲು ಖಾಲಿಯಾಗುವ ಹೊತ್ತಿಗೆ ಸೂರಿಬಾಬುವಿನ ಕಡೆ ಅದು ನೋಡುತ್ತಿದ್ದ ರೀತಿಯಲ್ಲಿ ಹೆಂಡತಿಯೂ ಅವನನ್ನು ಎಂದೂ ನೋಡಿರಲಿಲ್ಲ.

ತಿರುಗಿ ಬರುವಷ್ಟರಲ್ಲಿ ಎದುರುಮನೆಯ ಚಿಟ್ಟೆಮ್ಮ ತಟ್ಟೆಯ ತುಂಬ ಪೂತರೇಕು ಹಿಡಿದು ಜಗುಲಿಯಲ್ಲಿ ನಿಂತಿದ್ದಳು. ಹಬ್ಬದ ಸಿಹಿ ಹಂಚಲು ಬಂದವಳ ಹಾಗೆ ಕಾಣುತ್ತಿದ್ದರೂ ಅವಳ ಕಣ್ಣು ಬೇರೆಯದನ್ನೇ ಹುಡುಕುತ್ತಿತ್ತು. ಈ ವರ್ಷ ಅವಳ ಮನೆಗೂ ಹೊಸ ಅಳಿಯ ಬಂದಿದ್ದ.

"ಆಯ್! ಏನತ್ತಿಗೆ, ನಿಮ್ಮ ಅಳಿಯಂದ್ರು ಹೀಗೆ ಸೊರಗಿಹೋಗಿದಾರೆ? ಪಾಪ, ಇನ್ನು ಮುಂದೆ ಊಟ ಗೀಟ ಕಷ್ಟಾನೇ ಬಿಡಿ. ನಮ್ಮ ಫಣೀಂದ್ರನ್ನ ನೋಡ್ಬೇಕು ನೀವು. ಬೆಳಗ್ಗೆ ನಾನು ಗಾರೆ ಬೇಯಿಸ್ತಾನೇ ಇದೀನಿ, ಅವರು ಖಾಲಿ ಮಾಡ್ತಾನೇ ಇದಾರೆ. ಕೈ ನೋವು ಬಂತು ನನಗೆ. ಏನು ಮಾಡೋದು, ಪುಣ್ಯ ಇರಬೇಕಲ್ವಾ!"

ಮಂಗತಾಯಾರಮ್ಮ ಸೆರಗು ಬಿಗಿದರು. "ಏನೇ ಅಂದೆ? ಕಷ್ಟಾನಾ? ನಮ್ಮ ಅಳಿಯಂದ್ರಿಗಾ? ಮಧ್ಯಾಹ್ನ ನಿನ್ನ ಅಳಿಯನ್ನ ಇಲ್ಲಿಗೇ ಕರ್ಕೊಂಡು ಬಾ. ಒಂದೇ ಪಂಕ್ತೀಲಿ ಕೂರ್ಸೋಣ. ನೋಡೇ ಬಿಡೋಣ."

"ಬರ್ತೀವಿ ಅತ್ತಿಗೆ. ಯಾಕೆ ಬರಲ್ಲ?" ಎಂದು ಚಿಟ್ಟೆಮ್ಮ ಸೊಂಟ ತಿರುವಿ ಹೊರಟಳು.

ಸೂರಿಬಾಬು ಮೆಲ್ಲನೆ ಕೋಣೆಯ ಕಡೆ ಜಾರತೊಡಗಿದ. ಮಂಗತಾಯಾರಮ್ಮ ಅವನ ಹತ್ತಿರ ಬಂದು, ಎಂದೂ ಇಲ್ಲದ ಮೆಲುದನಿಯಲ್ಲಿ, "ಅಳಿಯಂದ್ರೇ, ನಿಮ್ಮ ಊಟದ ವೈಭವ ಹೇಳ್ಕೊಂಡೇ ನಾನು ಈ ಬೀದೀಲಿ ಆರು ವರ್ಷದಿಂದ ತಲೆಯೆತ್ತಿ ಓಡಾಡ್ತಿರೋದು. ಇವತ್ತೊಂದಿನ ನನ್ನ ಮಾನ ಉಳಿಸಿ" ಎಂದರು. ಎಂದವರೇ ಅವನಿಗೆ ಧೈರ್ಯ ಬರಲೆಂದು ಚಿಟ್ಟೆಮ್ಮನ ಪೂತರೇಕೊಂದನ್ನು ಬಾಯಿಗೆ ತುರುಕಿದರು. ಪೂತರೇಕು ನಾಲಗೆಯ ಮೇಲೆ ಕರಗಿ ಒಳಗಿಳಿಯಿತು. ಕ್ಷಣದಲ್ಲೇ ಸೂರಿಬಾಬುವಿನ ಎದೆ ಹೊಡೆದುಕೊಳ್ಳತೊಡಗಿತು, ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು, ಕಣ್ಣು ಮೇಲಾಯಿತು.

"ನೋಡಿದ್ಯಾ ಮಣೀ! ಆ ಚಿಟ್ಟೆಮ್ಮನ ಕಣ್ಣು! ಈಗ ತಾನೇ ನೋಡಿ ಹೋದ್ಲು, ಆಗಲೇ ತಗಲ್ತು!" ಎಂದು ಮಂಗತಾಯಾರಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಸೂರಿಬಾಬು ಕೆಮ್ಮಿ ಕೆಮ್ಮಿ ಅರೆಜೀವವಾದ.

"ಈಗ್ಲಾದ್ರೂ ಹೇಳಿಬಿಡೋಣ" ಎಂದಳು ಮಣಿ, ಕೋಣೆಯಲ್ಲಿ ಅವನಿಗೆ ಗಾಳಿ ಹಾಕುತ್ತ.

"ಮಾನ ಉಳಿಸಿ ಅಂದ್ರು ಕಣೇ. ನನ್ನನ್ನ ಅಷ್ಟು ದೊಡ್ಡ ಮನುಷ್ಯ ಅಂತ ಇದುವರೆಗೂ ಯಾರು ತಿಳ್ಕೊಂಡಿದಾರೆ ಹೇಳು?"

ಮಣಿ ಬೀರುವಿನಿಂದ ಹೊಸ ಜುಬ್ಬ ತೆಗೆದು ಅವನಿಗೆ ತೊಡಿಸಿದಳು. ಜುಬ್ಬ ಅವನ ಮೈಮೇಲೆ ಶಾಮಿಯಾನದ ಹಾಗೆ ನಿಂತಿತು. ಒಳಗೆ ಇನ್ನೊಬ್ಬ ಸೂರಿಬಾಬು ಆರಾಮಾಗಿ ಕೂರುವಷ್ಟು ಜಾಗ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ಒಂದೇ ಸಲ ಹೊಳೆಯಿತು.

ಬಟ್ಟೆ ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ಚೀಲವೊಂದಕ್ಕೆ ದಾರ ಕಟ್ಟಿ ಮಣಿ ಅವನ ಕುತ್ತಿಗೆಗೆ ನೇತುಹಾಕಿದಳು. ಹಳೆಯ ಹೊಟ್ಟೆ ಇದ್ದ ಜಾಗಕ್ಕೇ ಸರಿಯಾಗಿ ಚೀಲ ಬಂದು ಕೂತಿತು. ಮೇಲಿನ ಗುಂಡಿಗಳನ್ನು ಬಿಚ್ಚಿಟ್ಟರೆ ಬಾಯಿಯೂ ಸಿದ್ಧ.

"ಸಾರು ಗೀರು ಹಾಕಿಸ್ಕೋಬೇಡಿ. ಸೋರುತ್ತೆ" ಎಂದು ಎಚ್ಚರಿಸಿದಳು.

ಮಧ್ಯಾಹ್ನ ತೆಂಗಿನ ಮರಗಳ ಕೆಳಗೆ ಎರಡು ಎಲೆ ಹಾಕಿದರು. ಒಂದರ ಮುಂದೆ ಸೂರಿಬಾಬು, ಇನ್ನೊಂದರ ಮುಂದೆ ಫಣೀಂದ್ರ. ಫಣೀಂದ್ರ ಕಡ್ಡಿಯಂಥ ಹುಡುಗ. ಮಾವನ ಮನೆಯ ಭಯಕ್ಕೋ ಏನೋ, ಬಡಿಸಿದ್ದನ್ನೆಲ್ಲ ಮಾತಿಲ್ಲದೆ ನುಂಗುವ ಸ್ವಭಾವ. ಬಡಿಸುವುದು ಶುರುವಾಯಿತು. ಪುಳಿಹೋರ, ಬೊಬ್ಬಟ್ಟು, ಅರಿಸೆ, ಗಾರೆ, ಹುರಿದ ಸಿಗಡಿ, ಕೋಳಿ ಪಲ್ಯ, ಗೋಂಗೂರ, ಆವಕಾಯ... ಹೇಳುತ್ತ ಹೋದರೆ ನಮ್ಮ ಕತೆ ಇಲ್ಲೇ ನಿಲ್ಲುತ್ತದೆ. ಕೋಳಿ ಪಂದ್ಯ ತಪ್ಪಿಸಿಕೊಂಡಿದ್ದ ಸತ್ತಿರಾಜುಗಾರಿಗೆ ಈಗ ಜೀವ ಬಂತು. ಕುರ್ಚಿ ಹಾಕಿಕೊಂಡು ಕೂತು, "ಆಯ್! ಹೊಸ ಹುಂಜ ಸಿಗಡಿಗೆ ಹಾರ್ತು! ನಮ್ಮದು ಇನ್ನೂ ನೆಲ ಕೆದರ್ತಿದೆ!" ಎಂದು ಕೂಗಿ ಹೇಳತೊಡಗಿದರು.

"ಅಗೋ, ಗಾಳಿಪಟ ನಮ್ಮ ತೆಂಗಿಗೇ ಸಿಕ್ಕಾಕ್ಕೊಂಡಿದೆ!" ಎಂದಳು ಮಣಿ. ಎಲ್ಲರೂ ಮೇಲೆ ನೋಡಿದರು. ಎಲೆಯ ಮೇಲಿನ ಗಾರೆಗಳು ಜುಬ್ಬದೊಳಗೆ ಹೋದವು. "ಅಯ್ಯೋ, ಅಡುಗೆಮನೇಲಿ ಬೆಕ್ಕು!" ಎಂದಳು. ಎಲ್ಲರೂ ಹಿಂದೆ ನೋಡಿದರು. ಬೊಬ್ಬಟ್ಟುಗಳು ಹೋದವು. ಒಮ್ಮೆ ಕಾಲಿಗೆ ಇರುವೆ ಕಚ್ಚಿತು, ಒಮ್ಮೆ ಬಾವಿಯಲ್ಲಿ ಏನೋ ಬಿದ್ದ ಸದ್ದಾಯಿತು. ಪ್ರತಿ ಸದ್ದಿಗೂ ಎಲೆ ಬರಿದು. ಅತ್ತೆ ಮತ್ತೆ ತುಂಬುತ್ತಿದ್ದರು, ಅದು ಮತ್ತೆ ಬರಿದಾಗುತ್ತಿತ್ತು.

ಇನ್ನೂ ಒಂದು ಚೋದ್ಯ ನಡೆಯಿತು. ಚೀಲ ತುಂಬುತ್ತ ಹೋದ ಹಾಗೆ ಸೂರಿಬಾಬುವಿನ ಹೊಟ್ಟೆ ಜುಬ್ಬದ ಕೆಳಗೆ ಮೆಲ್ಲಮೆಲ್ಲನೆ ಮೇಲೆದ್ದಿತು. ಮೊದಲು ಒಂದು ಸೋರೆಕಾಯಿಯಷ್ಟಿತ್ತು, ಆಮೇಲೆ ಕುಂಬಳಕಾಯಿಯಷ್ಟಾಯಿತು. ಜುಬ್ಬದ ನೆರಿಗೆಗಳೆಲ್ಲ ಬಿಟ್ಟುಕೊಂಡು ದರ್ಜಿಯ ಅಳತೆ ಸರಿಹೋಯಿತು. ಮಂಗತಾಯಾರಮ್ಮನ ಕಣ್ಣಲ್ಲಿ ನೀರೇ ಬಂತು.

"ನೋಡೇ ಚಿಟ್ಟೆಮ್ಮಾ, ನೋಡು! ಒಂದೇ ಊಟಕ್ಕೆ ನಮ್ಮ ಅಳಿಯಂದ್ರು ಮೊದಲಿನ ಹಾಗೆ ಆದ್ರು! ಇದು ನನ್ನ ಕೈಯಡುಗೆ!"

ಅತ್ತ ಫಣೀಂದ್ರ ಕೈ ಮುಗಿದ. "ನನ್ನ ಕೈಲಾಗಲ್ಲ ಅತ್ತೆ, ಬಿಟ್ಟುಬಿಡಿ" ಎಂದು ತೆಂಗಿನ ಬುಡಕ್ಕೆ ಒರಗಿದ. ಚಿಟ್ಟೆಮ್ಮನ ಮುಖ ಹುಳ್ಳಗಾಯಿತು. ಸತ್ತಿರಾಜುಗಾರು ಟವಲು ಬೀಸಿ, "ಗೆದ್ವಿ!" ಎಂದು ಕೂಗಿದರು. ಸೂರಿಬಾಬು ಕಷ್ಟಪಟ್ಟು ಎದ್ದು ನಿಂತ. ಚೀಲದ ಭಾರಕ್ಕೆ ದಾರ ಕುತ್ತಿಗೆ ಕೊಯ್ಯುತ್ತಿತ್ತು, ಆದರೂ ನಗುತ್ತಿದ್ದ. ಅತ್ತೆಯ ಮುಖದಲ್ಲಿದ್ದ ಆ ಬೆಳಕಿಗಾಗಿ ಅವನು ಇನ್ನೂ ಒಂದು ಚೀಲ ಹೊರಲು ತಯಾರಿದ್ದ.

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಗೌರಿ ಬಂತು. ಬೆಳಗಿನಿಂದ ಹುಲ್ಲು ಮುಟ್ಟದೆ ಕಾದು ಕಾದು, ಹಗ್ಗ ಕಿತ್ತುಕೊಂಡು ಬಂದಿತ್ತು. ಗಾರೆಯ ವಾಸನೆಯ ಜಾಡು ಹಿಡಿದು, ಜನರ ನಡುವೆ ನುಗ್ಗಿ, ನೇರವಾಗಿ ಸೂರಿಬಾಬುವಿನ ಹೊಟ್ಟೆಗೆ ಮೂತಿಯಿಟ್ಟಿತು.

"ಹೈ, ಹೈ! ಹೋಗೇ!" ಎಂದು ಅವನು ಹಿಂದೆ ಸರಿದ. ಗೌರಿ ಜುಬ್ಬದ ಅಂಚನ್ನು ಕಚ್ಚಿ ಎಳೆಯಿತು. ಪರ್ ಎಂದು ರೇಷ್ಮೆ ಹರಿಯಿತು, ಪಟ್ ಎಂದು ದಾರ ಕಿತ್ತುಬಂತು. ಸೂರಿಬಾಬುವಿನ ಹೊಟ್ಟೆ ದೊಪ್ಪನೆ ನೆಲಕ್ಕೆ ಬಿದ್ದು, ಗಾರೆ, ಬೊಬ್ಬಟ್ಟು, ಅರಿಸೆ, ಸಿಗಡಿಗಳೆಲ್ಲ ಅಂಗಳದ ತುಂಬ ಉರುಳಿದವು.

ಎಲ್ಲರೂ ನೋಡುತ್ತಿದ್ದರು, ಗೌರಿಯೊಂದೇ ತಿನ್ನುತ್ತಿತ್ತು.

"ಆಯ್, ಅತ್ತಿಗೆ" ಎಂದಳು ಚಿಟ್ಟೆಮ್ಮ ಕೊನೆಗೆ, "ನಿಮ್ಮ ಅಳಿಯಂದ್ರ ಹೊಟ್ಟೆ ಬಿದ್ದುಹೋಯ್ತು."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸೂರಿಬಾಬು ತಲೆ ತಗ್ಗಿಸಿ, ಹರಿದ ಜುಬ್ಬವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ಆಪರೇಷನ್ನು, ಬಾಳೆಹಣ್ಣಿನಷ್ಟು ಹೊಟ್ಟೆ, ಹೈದರಾಬಾದಿನ ಸುಳ್ಳು. ಮಂಗತಾಯಾರಮ್ಮ ನೇರವಾಗಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅವನಿಗೆ ಅಂಗಳದಲ್ಲಿ ನಿಲ್ಲಲಾಗಲಿಲ್ಲ. ಚಿಟ್ಟೆಮ್ಮನ ನಗೆಯಾದರೂ ಸಹಿಸಬಹುದು, ಆ ಮುಚ್ಚಿದ ಬಾಗಿಲನ್ನು ಸಹಿಸುವುದು ಹೇಗೆ? ಮೆಲ್ಲನೆ ತಳ್ಳಿಕೊಂಡು ಒಳಗೆ ಹೋದ. ಮಂಗತಾಯಾರಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಆರು ವರ್ಷ ನನ್ನ ಕೈಯಾರೆ ಬೆಳೆಸಿದ ಹೊಟ್ಟೆ" ಎಂದರು ಅವನ ಕಡೆ ತಿರುಗದೆ. "ಊರು ಕೇರಿ ಗೊತ್ತಿಲ್ದಿರೋ ಯಾವನೋ ಡಾಕ್ಟ್ರು ಕೊಯ್ದು ಬಿಸಾಕೋದಾ? ನನ್ನನ್ನ ಒಂದು ಮಾತು ಕೇಳ್ಬಾರದಾಗಿತ್ತಾ?"

"ರಾತ್ರಿ ಉಸಿರು ನಿಲ್ತಿತ್ತು ಅತ್ತೆ. ಮಣಿ ನಿದ್ದೆನೇ ಮಾಡ್ತಿರ್ಲಿಲ್ಲ."

ಅತ್ತೆ ತಟ್ಟನೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. "ನಿಲ್ತಿತ್ತಾ?"

"ಹೂಂ. ನಿಮಗೆ ಹೇಳೋಕೆ ಭಯ ಆಯ್ತು. ಉಣ್ಣಕ್ಕೆ ಬರದಿರೋ ಅಳಿಯ ಅಂದ್ರೆ ನೀವು ಇನ್ನು ಪಕ್ಕದಲ್ಲಿ ಕೂರಲ್ಲ ಅಂದ್ಕೊಂಡೆ. ಈ ಮನೇಲಿ ನನ್ನ ಹತ್ರ ಇದ್ದಿದ್ದು ಅದೊಂದೇ ಅಲ್ವಾ?"

"ಹುಚ್ಚಪ್ಪಾ!" ಎಂದು ಮಂಗತಾಯಾರಮ್ಮ ಹಣೆ ಬಡಿದುಕೊಂಡರು. "ನಾನೇನು ನಿಮ್ಮ ಹೊಟ್ಟೆಗೆ ಮಗಳನ್ನ ಕೊಟ್ಟಿದ್ದಾ? ನಿಮಗೆ ಕೊಟ್ಟಿದ್ದು!"

ಆಮೇಲೆ ಎದ್ದು, ಒಂದು ಬಟ್ಟಲಿನಲ್ಲಿ ಬಿಸಿ ಅನ್ನಕ್ಕೆ ತೊವ್ವೆ, ಚೂರು ತುಪ್ಪ ಹಾಕಿ, ಬೆರಳಿನಲ್ಲಿ ಬೆಣ್ಣೆಯ ಹಾಗೆ ನುಣ್ಣಗೆ ಹಿಸುಕಿದರು. ಬೆಳ್ಳಿ ಚಮಚದಲ್ಲಿ ಒಂದು ತುತ್ತು ಕೊಟ್ಟರು. ಅವನು ಅಗಿಯುವಷ್ಟು ಹೊತ್ತೂ ಕಾದರು. ಎರಡನೆಯ ತುತ್ತು ಕೊಟ್ಟರು. ಆಮೇಲೆ, ಆ ಮನೆಗೆ ಅವನು ಕಾಲಿಟ್ಟಾಗಿನಿಂದ ಅವರ ಬಾಯಲ್ಲಿ ಬಂದಿರದ ಒಂದು ಮಾತು ಬಂತು.

"ಸಾಕಾ?"

ಸೂರಿಬಾಬು ತಲೆಯಾಡಿಸಿದ. "ಸಾಕು ಅತ್ತೆ" ಎಂದ. ಮೈಮೇಲಿನ ಎಷ್ಟೋ ಭಾರ ಇಳಿದ ಹಾಗಾಯಿತು. ಆ ಸಂತೋಷದಲ್ಲಿ ಸುಮ್ಮನಿರಬಾರದಿತ್ತೇ? ನಾಲಗೆ ಹರಿಯಬಿಟ್ಟ. "ನಿಮಗೆ ಗೊತ್ತಾ ಅತ್ತೆ, ಆಪರೇಷನ್ ಆದ್ಮೇಲೆ ಮೊದಲು ಬರೀ ನೀರು ಕೊಟ್ರು, ಅದೂ ಚಮಚದಲ್ಲಿ. ಆಮೇಲೆ ಹಾಲು. ಆಮೇಲೆ ತೆಳ್ಳಗೆ ಗಂಜಿ. ಆಮೇಲೆ ಹಿಂಗೇ ಹಿಸುಕಿದ ಅನ್ನ. ಈಗ್ಲೂ ಎರಡು ಗಂಟೆಗೊಂದ್ಸಲ ಇಷ್ಟಿಷ್ಟೇ ತಿನ್ನಬೇಕಂತೆ."

ಮಂಗತಾಯಾರಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಮೊದಲು ನೀರು, ಆಮೇಲೆ ಹಾಲು, ಆಮೇಲೆ ಗಂಜಿ, ಆಮೇಲೆ ಅನ್ನ?"

"ಹೂಂ."

"ಅಂದ್ರೆ ಹಸುಗೂಸು! ಇದು ಹೊಸದಾಗಿ ಹುಟ್ಟಿದ ಹೊಟ್ಟೆ!" ಅವರ ಮುಖ ಬೆಳಗಿಹೋಯಿತು. "ಮಣೀ, ಇದಕ್ಕೆ ಅನ್ನಪ್ರಾಶನ ಮಾಡಿಸಿದ್ರೇನೇ?"

"ಅಮ್ಮಾ, ಏನು ಮಾತಾಡ್ತಿದೀಯ?"

"ಮಾಡ್ಸಿಲ್ಲ! ಶಾಸ್ತ್ರ ಇಲ್ದೆ ಅನ್ನ ಹಾಕಿದೀರಾ! ಅದಕ್ಕೇ ಒಂದು ಪೂತರೇಕಿಗೆ ಬೆವರ್ತು. ರೀ! ಪುರೋಹಿತರನ್ನ ಕರೀರಿ. ಉತ್ತರಾಯಣ ಬಂದಿದೆ, ನಾಳೇನೇ ಮಾಡ್ಸೋಣ!"

ಸೂರಿಬಾಬು ಬೇಡ ಎಂದ, ಕೈ ಮುಗಿದ, ತನಗೆ ತಲೆಯಲ್ಲಿ ಬಿಳಿ ಕೂದಲು ಬಂದಿದೆ ಎಂದು ತೋರಿಸಿದ. ಯಾರು ಕೇಳುತ್ತಾರೆ? ಇಷ್ಟು ಹೊತ್ತು ನಗುತ್ತಿದ್ದ ಚಿಟ್ಟೆಮ್ಮನೇ ಈಗ ಸೆರಗು ಕಟ್ಟಿ ನಿಂತಳು. ಮಗುವಿನ ಕೆಲಸ ಎಂದರೆ ಅವಳಿಗೆ ಜಗಳ ನೆನಪಿರುವುದಿಲ್ಲ. "ಪಾಯಸ ನಮ್ಮ ಮನೇದು ಅತ್ತಿಗೆ. ಮಗೂಗೆ ಒಂದು ಹನಿ ನಾಲಗೆಗೆ ತಾಗ್ಸಿದ್ರೆ ಸಾಕು. ಮಿಕ್ಕಿದ್ದು ಬೀದಿಯವರೆಲ್ಲ ಉಣ್ತೀವಿ" ಎಂದು ಮನೆಮನೆಗೆ ಹೇಳಿಬರಲು ಹೊರಟೇಬಿಟ್ಟಳು. ಸಂಜೆಯೊಳಗೆ ಬೀದಿಗೆ ಬೀದಿಯೇ ಅಂಗಳದಲ್ಲಿ ನೆರೆಯಿತು. ಬಂದವರೆಲ್ಲ ಸೂರಿಬಾಬುವಿನ ಹೊಟ್ಟೆಯನ್ನು ಮೆತ್ತಗೆ ಮುಟ್ಟಿ, "ಆಯ್, ಚೆನ್ನಾಗಿದೆ, ಯಾರ ದೃಷ್ಟಿನೂ ಬೀಳದಿರ್ಲಿ" ಎಂದು ನೆಟಿಕೆ ಮುರಿದರು. ಪುರೋಹಿತರು ಪಂಚಾಂಗ ನೋಡಿ, ಬೆಳಗ್ಗೆಯೇ ಒಳ್ಳೆಯ ಮುಹೂರ್ತವಿದೆ ಎಂದರು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು ಎಂದಾಗ ಮಾತ್ರ ಸ್ವಲ್ಪ ಚರ್ಚೆಯಾಗಿ, ತೊಡೆ ಉಳಿಯುವುದಿಲ್ಲವೆಂದು ಆ ಭಾಗ ಕೈಬಿಟ್ಟರು.

"ತುತ್ತು ಕೊಟ್ಟ ಮೇಲೆ ಎಲ್ಲಾ ಮುಂದೆ ಇಡ್ಬೇಕು" ಎಂದಳು ಚಿಟ್ಟೆಮ್ಮ. "ಪುಸ್ತಕ, ಪೆನ್ನು, ಚಿನ್ನ, ಚಾಕು. ಮಗು ಅಂಬೆಗಾಲಿಟ್ಕೊಂಡು ಹೋಗಿ ಯಾವುದನ್ನ ಹಿಡಿಯುತ್ತೋ ನೋಡೋಣ."

ಮಣಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಬೆಳಗ್ಗೆ ತಾನು ತಿಂದ ಬೈಗುಳಕ್ಕೆಲ್ಲ ಬಡ್ಡಿ ಸಮೇತ ಬಂದ ಹಾಗಾಗಿತ್ತು ಅವಳಿಗೆ.

ಸೂರಿಬಾಬು ಇನ್ನು ತಪ್ಪಿಸಿಕೊಳ್ಳುವ ಆಸೆ ಬಿಟ್ಟ. ಒಂದೇ ಸಮಾಧಾನವೆಂದರೆ ಕನುಮ ಇವತ್ತಿಗೆ ಮುಗಿಯುತ್ತದೆ, ನಾಳೆ ಪ್ರಯಾಣಕ್ಕೆ ಅಡ್ಡಿಯಿಲ್ಲ. ನಾಳೆ ಮಧ್ಯಾಹ್ನದೊಳಗೆ ಎಲ್ಲ ಮುಗಿಸಿಕೊಂಡು ವಿಶಾಖಪಟ್ಟಣದ ತನ್ನ ಮನೆ ಸೇರಿದರೆ, ತಾನಾಯಿತು, ತನ್ನ ಎರಡು ಚಮಚ ಅನ್ನವಾಯಿತು. "ಅತ್ತೆ" ಎಂದ ದೀನನಾಗಿ, "ಅಷ್ಟೆಲ್ಲ ಇಡೋದಾದ್ರೆ ವಿಶಾಖಪಟ್ಟಣದ ಬಸ್ ಟಿಕೆಟ್ಟನ್ನೂ ಇಡಿ. ನಾನು ನೇರವಾಗಿ ಅದನ್ನೇ ಹಿಡೀತೀನಿ."

"ಆಗಲೇ ನಿಮ್ಮ ಮಾವನ್ನ ಕಳಿಸಿ ತರ್ಸಿದೀನಿ" ಎಂದರು ಮಂಗತಾಯಾರಮ್ಮ. ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಅಕ್ಕರೆಯಿಂದ ಸವರಿದರು. "ಮೂರು ಟಿಕೆಟ್. ಮಣಿ ಇಸ್ಕೂಲಿಗೆ ಹೋಗ್ತಾಳೆ, ಎರಡು ಗಂಟೆಗೊಂದ್ಸಲ ನಿಮಗೆ ಯಾರು ಕೊಡೋರು? ಡಬ್ಬಿ ತುಂಬ್ಕೊಂಡು ನಿಮ್ಮ ಆಫೀಸಿಗೂ ಬರ್ತೀನಿ. ನೀವೇನೂ ಯೋಚ್ನೆ ಮಾಡ್ಬೇಡಿ ಅಳಿಯಂದ್ರೇ. ಇದು ಬೆಳೆದು ಮೊದಲಿನಷ್ಟು ದೊಡ್ಡದಾಗೋ ತನಕ ನಾನು ನಿಮ್ಮನೇಲೇ ಇರ್ತೀನಿ."